ಗಿರಾಕಿಯ ವಿವರವೂ ಹೊಸ ಕಾಯಿದೆಯೂ

ಬೆಂಗಳೂರಿನ ಬಿನ್ನಿಪೇಟೆಗೆ ಆ ಹೆಸರು ಬಂದುದು ಬಟ್ಟೆಯ ಗಿರಣಿಯಿಂದ. ೧೮೮೪ರಲ್ಲಿ ಸ್ಥಾಪಿತವಾದ ಉಣ್ಣೆ, ಹತ್ತಿ ಮತ್ತು ರೇಷ್ಮೆಯ ಗಿರಣಿಯು ಬಿನ್ನಿ ಕಂಪೆನಿಯ ಆಡಳಿತಕ್ಕೆ ಒಳಪಟ್ಟು, ಸಾವಿರಾರು ಸಂಸಾರಗಳಿಗೆ ಅನ್ನ ಕೊಟ್ಟು, ಕಡೆಗೆ ಮುಚ್ಚಿಹೋಯಿತು. ಅದರ ನೆಲದಲ್ಲಿ ಇಂದು ಬಹುಮಹಡಿಯ ವಸತಿಗೃಹಗಳೂ ದೊಡ್ಡದೊಂದು ಮಾಲೂ ನಿಂತಿವೆ. ಗಿರಣಿ ಹೋದರೂ ಗಿರಣಿಗಳ ಕಾಲದ ಒಂದು ಪದ್ಧತಿ ಮಾತ್ರ ಉಳಿದುಕೊಂಡಿರುವುದಲ್ಲದೆ ಹುಲುಸಾಗಿ ಬೆಳೆದಿದೆ. ಅದು ಬಾಗಿಲಲ್ಲಿ ಹೆಸರು ಬರೆದುಕೊಳ್ಳುವ ಪದ್ಧತಿ. ಗಿರಣಿಯ ಹಾಜರಿ ಪುಸ್ತಕದಲ್ಲಿ ಅಲ್ಲಿ ದುಡಿಯುವವರ ಹೆಸರಷ್ಟೇ ಇರುತ್ತಿತ್ತು. ಈಗ ಹಾಗಲ್ಲ. ಸ್ನೇಹಿತನನ್ನು ನೋಡಲು ವಸತಿಗೃಹಕ್ಕೆ ಹೋದವನು ಕಾವಲಿನವರಿಗೆ ಹೆಸರು, ಫೋನ್ ನಂಬರು, ಗಾಡಿಯ ನಂಬರು ಒಪ್ಪಿಸಬೇಕು. ಕೆಲವೆಡೆ ಭಾವಚಿತ್ರವನ್ನೂ ಕೊಡಬೇಕು. ಮೆಡಿಕಲ್ ಅಂಗಡಿಯಲ್ಲಿ ತಲೆನೋವಿಗೆ ನಾಲ್ಕು ಮಾತ್ರೆ ಕೊಂಡರೂ "ನಂಬರ್ ಹೇಳಿ ಸಾರ್" ಎನ್ನುವ ಮಾತು ಬಿಲ್ಲಿಗಿಂತ ಮೊದಲು ಬರುತ್ತದೆ. ಮಾಲಿನ ಬಟ್ಟೆಯಂಗಡಿಯಲ್ಲಿ ಹುಟ್ಟಿದ ದಿನವನ್ನೂ ಕೇಳುತ್ತಾರೆ. ಆ ದಿನ ರಿಯಾಯಿತಿ ಕೊಡುತ್ತಾರಂತೆ. ಟ್ಯೂಷನ್ನಿಗೆ ಸೇರಿದರೆ ತಂದೆಯ ಉದ್ಯೋಗ, ತಾಯಿಯ ಉದ್ಯೋಗ, ಹಿಂದಿನ ತರಗತಿಯ ಅಂಕಪಟ್ಟಿ, ಆಧಾರ್ ಕಾರ್ಡಿನ ನಕಲು.

ಇಷ್ಟೆಲ್ಲ ವಿವರಗಳು ಎಲ್ಲಿಗೆ ಹೋಗುತ್ತವೆ, ಎಷ್ಟು ಕಾಲ ಇರುತ್ತವೆ, ಯಾರ ಕೈಗೆ ಸೇರುತ್ತವೆ ಎಂದು ಕೊಟ್ಟವನು ಕೇಳುವುದಿಲ್ಲ, ತೆಗೆದುಕೊಂಡವನು ಹೇಳುವುದಿಲ್ಲ. ಈ ಮೌನಕ್ಕೆ ಕೊನೆ ಹಾಕಬೇಕೆಂಬ ಉದ್ದೇಶದಿಂದ ನಮ್ಮ ದೇಶದಲ್ಲಿ ಒಂದು ಕಾಯಿದೆ ಬಂದಿದೆ. ಅದಕ್ಕೆ ವ್ಯಾಪಾರಸ್ಥರು ಹೇಗೆ ಸಿದ್ಧರಾಗಬೇಕು ಎಂಬ ಚರ್ಚೆ ದೊಡ್ಡ ಕಂಪೆನಿಗಳ ಸಭಾಂಗಣಗಳಲ್ಲಿ ಧಾರಾಳವಾಗಿ ನಡೆದಿದೆ. ಬಿನ್ನಿಪೇಟೆಯಂಥ ಪೇಟೆಗಳಲ್ಲಿ ನಡೆದಿಲ್ಲ. ಸಿದ್ಧತೆಯ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಸಂಗ್ರಹಿಸಿದ ವಿವರಗಳನ್ನು ಕಾಯುವ ಏರ್ಪಾಡಿಗಿಂತ ಮುಂಚೆ ಸಂಗ್ರಹವನ್ನೇ ಕಡಮೆ ಮಾಡುವ ಏರ್ಪಾಡು ಆಗತಕ್ಕದ್ದು. ಇದು ಕೇಳುವುದಕ್ಕೆ ಹಿತೋಪದೇಶದಂತಿದ್ದರೂ ಇದರ ಆಧಾರವಿರುವುದು ಗಣಿತದಲ್ಲಿ ಮತ್ತು ಭೌತವಿಜ್ಞಾನದಲ್ಲಿ. ಅದನ್ನು ತೋರಿಸುವುದಕ್ಕಾಗಿಯೇ ಈ ಲೇಖನ.

ಮೊದಲು ಕಾಯಿದೆಯ ಪೂರ್ವಕಥೆಯನ್ನು ನೋಡೋಣ. ಅದರ ಮೊದಲಲ್ಲಿ ಬೆಂಗಳೂರಿನ ಹಿರಿಯರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ೨೦೧೨ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಆ ಮೊಕದ್ದಮೆಯಲ್ಲಿ ಹುಟ್ಟಿದ ಪ್ರಶ್ನೆಯೊಂದಕ್ಕೆ ಒಂಬತ್ತು ನ್ಯಾಯಾಧೀಶರ ಪೀಠವು ೨೦೧೭ರ ಆಗಸ್ಟ್ ೨೪ರಂದು ಏಕಮತದಿಂದ ಉತ್ತರ ಕೊಟ್ಟಿತು: ಖಾಸಗಿತನವು ಸಂವಿಧಾನವು ಪ್ರಜೆಗೆ ಕೊಟ್ಟಿರುವ ಮೂಲಭೂತ ಹಕ್ಕು. ೨೦೨೪ರ ಅಕ್ಟೋಬರಿನಲ್ಲಿ ಪುಟ್ಟಸ್ವಾಮಿಯವರು ತೀರಿಕೊಂಡರು. ಅವರ ಹೆಸರು ಮಾತ್ರ ದೇಶದ ಪ್ರತಿಯೊಂದು ಕಾನೂನು ಕಾಲೇಜಿನಲ್ಲಿಯೂ ಉಳಿದಿದೆ. ಹಕ್ಕು ಇದೆಯೆಂದು ತೀರ್ಮಾನವಾದ ಬಳಿಕ ಅದನ್ನು ನಡೆಸಿಕೊಡುವ ಕಾಯಿದೆ ಬೇಕಷ್ಟೆ. ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಅವರ ಸಮಿತಿ ೨೦೧೮ರಲ್ಲಿ ವರದಿ ಕೊಟ್ಟಿತು. ೨೦೧೯ರಲ್ಲಿ ಮಸೂದೆಯೊಂದು ಬಂದು ೨೦೨೨ರಲ್ಲಿ ಹಿಂದಕ್ಕೆ ಹೋಯಿತು. ಕೊನೆಗೆ ೨೦೨೩ರ ಆಗಸ್ಟ್ ೧೧ರಂದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ನಿಯಮಗಳು ಪ್ರಕಟವಾದುದು ೨೦೨೫ರ ನವೆಂಬರಿನಲ್ಲಿ. ದೂರು ವಿಚಾರಿಸುವ ಮಂಡಲಿಗೆ ಸಂಬಂಧಿಸಿದ ಭಾಗಗಳು ಆಗಲೇ ಜಾರಿಗೆ ಬಂದವು. ವ್ಯಾಪಾರಸ್ಥರ ಮುಖ್ಯ ಕರ್ತವ್ಯಗಳಿಗೆ ಹದಿನೆಂಟು ತಿಂಗಳ ಅವಧಿಯನ್ನು ಗೊತ್ತುಮಾಡಲಾಯಿತು. ಆ ಲೆಕ್ಕದಂತೆ ಅವು ಜಾರಿಗೆ ಬರಬೇಕಾದುದು ೨೦೨೭ರ ಮೇ ತಿಂಗಳಿನಲ್ಲಿ.

ಕಾಯಿದೆಯ ತಿರುಳನ್ನು ಹೀಗೆ ಹೇಳಬಹುದು. ಒಬ್ಬನ ವಿವರವನ್ನು ಕೇಳುವಾಗ ಏಕೆ ಕೇಳುತ್ತೇವೆಂದು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಅದನ್ನು ಓದಿಕೊಳ್ಳುವ ಅವಕಾಶ ಅವನಿಗಿರಬೇಕು. ನಮ್ಮ ಕನ್ನಡವೂ ಆ ೨೨ ಭಾಷೆಗಳಲ್ಲಿ ಒಂದೆಂಬುದನ್ನು ಬೆಂಗಳೂರಿನ ಕಂಪೆನಿಗಳು ಮರೆಯಬಾರದು. ಒಪ್ಪಿಗೆಯನ್ನು ಬಲವಂತದಿಂದ ಪಡೆಯಬಾರದು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರಬೇಕು. ಹೇಳಿದ ಕಾರಣಕ್ಕೆ ಹೊರತು ಬೇರೆಯದಕ್ಕೆ ಅದನ್ನು ಬಳಸಕೂಡದು. ಕಾರಣ ತೀರಿದ ಮೇಲೆ ಅಳಿಸಬೇಕು. ವಿವರ ಸೋರಿದರೆ ಸಂಬಂಧಪಟ್ಟವರಿಗೆ ತಡವಿಲ್ಲದೆ ತಿಳಿಸಿ, ಮಂಡಲಿಗೆ ೭೨ ಗಂಟೆಗಳೊಳಗಾಗಿ ವಿವರವಾದ ವರದಿ ಕೊಡಬೇಕು. ತಕ್ಕ ಭದ್ರತೆ ಮಾಡದೆ ಸೋರಗೊಟ್ಟವನಿಗೆ ದಂಡ ೨೫೦ ಕೋಟಿ ರೂಪಾಯಿಗಳವರೆಗೆ ಏರಬಹುದು. ಕೆಲಸವನ್ನು ಇನ್ನೊಬ್ಬರಿಗೆ ಗುತ್ತಿಗೆ ಕೊಟ್ಟಿದ್ದೆ, ತಪ್ಪು ಅವರದು ಎಂದು ಜಾರಿಕೊಳ್ಳುವಂತಿಲ್ಲ.

೨೫೦ ಕೋಟಿ ಎಂಬ ಅಂಕಿಯನ್ನು ಕೇಳಿದ ಕೂಡಲೇ ಪೇಟೆಯ ಅಂಗಡಿಯವರು ಗಾಬರಿಗೊಳ್ಳುವ ಕಾರಣವಿಲ್ಲ. ಅದು ಮೇಲಿನ ಮಿತಿ. ತಪ್ಪಿನ ಸ್ವರೂಪ, ಗಾತ್ರ, ಪರಿಣಾಮಗಳನ್ನು ತೂಗಿ ದಂಡ ವಿಧಿಸಬೇಕೆಂದು ಕಾಯಿದೆಯೇ ಹೇಳುತ್ತದೆ. ಆದರೆ ಈ ಅಂಕಿಯನ್ನು ತೋರಿಸಿ ಹೆದರಿಸಿ, ಸಿದ್ಧಪಡಿಸಿಕೊಡುತ್ತೇವೆಂದು ಹಣ ಕೇಳುವವರು ಬಂದಾರು. ಅವರು ಮಾರುವುದು ಬಹುಮಟ್ಟಿಗೆ ಉದ್ದನೆಯ ಒಪ್ಪಿಗೆ ಪತ್ರಗಳನ್ನು. ಓದಲಾಗದ ಹತ್ತು ಪುಟಗಳ ಕೆಳಗೆ ಒಂದು ಗುರುತು ಹಾಕಿಸಿಕೊಂಡರೆ ಆಯಿತೆಂದು ಅವರ ಲೆಕ್ಕ. ಕಾಯಿದೆಯ ಒಳಗೇ ಇರುವ ಒಂದು ದೃಷ್ಟಾಂತ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಫೋನಿನಲ್ಲಿ ವೈದ್ಯರ ಸಲಹೆ ಕೊಡಿಸುವ ಆ್ಯಪ್ ಒಂದು ಗಿರಾಕಿಯ ಫೋನಿನಲ್ಲಿರುವ ಪರಿಚಿತರ ಪಟ್ಟಿಯನ್ನೂ ಕೇಳುತ್ತದೆ. ಗಿರಾಕಿ ಎರಡಕ್ಕೂ ಒಪ್ಪುತ್ತಾಳೆ. ವೈದ್ಯರ ಸಲಹೆಗೆ ಪರಿಚಿತರ ಪಟ್ಟಿ ಅವಶ್ಯವಲ್ಲವಾದುದರಿಂದ ಆ ಒಪ್ಪಿಗೆ ಸಲಹೆಗೆ ಬೇಕಾದಷ್ಟಕ್ಕೆ ಮಾತ್ರ ಸಲ್ಲುತ್ತದೆಂದು ಕಾಯಿದೆ ಹೇಳುತ್ತದೆ. ಎಂದರೆ, ಬೇಡದ್ದನ್ನು ಕೇಳಿದರೆ ಸಹಿ ಹಾಕಿಸಿಕೊಂಡರೂ ಪ್ರಯೋಜನವಿಲ್ಲ.

ಇನ್ನು ಗಣಿತಕ್ಕೆ ಬರೋಣ. "ನಾವೇನು ಗುಟ್ಟು ಕೇಳುತ್ತಿದ್ದೇವೆಯೇ? ಪಿನ್ ಕೋಡು, ಹುಟ್ಟಿದ ತಾರೀಖು, ಇಷ್ಟೇ ತಾನೆ?" ಎಂದು ಅಂಗಡಿಯವರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಉತ್ತರಕ್ಕೆ ಮಕ್ಕಳ ಆಟವೊಂದನ್ನು ನೆನೆಯಬೇಕು. ಒಬ್ಬನು ಮನಸ್ಸಿನಲ್ಲಿ ಒಂದು ವಸ್ತುವನ್ನು ನೆನೆಯುತ್ತಾನೆ. ಉಳಿದವರು ಹೌದು, ಅಲ್ಲ ಎಂಬ ಉತ್ತರ ಬರುವ ಪ್ರಶ್ನೆಗಳನ್ನು ಕೇಳಿ ಅದನ್ನು ಕಂಡುಹಿಡಿಯುತ್ತಾರೆ. ಜಾಣತನದ ಪ್ರಶ್ನೆ ಯಾವುದೆಂದರೆ, ಉಳಿದಿರುವ ಸಾಧ್ಯತೆಗಳನ್ನು ಸರಿಯಾಗಿ ಅರ್ಧ ಮಾಡುವಂಥದು. ಅಂಥ ಒಂದು ಉತ್ತರದಲ್ಲಿರುವ ತಿಳಿವಳಿಕೆಯ ಪ್ರಮಾಣಕ್ಕೆ ಬಿಟ್ ಎಂದು ಹೆಸರು. ೧೯೪೮ರಲ್ಲಿ ಕ್ಲಾಡ್ ಶಾನನ್ ಎಂಬ ಅಮೆರಿಕದ ಗಣಿತಜ್ಞನು ಈ ಅಳತೆಯನ್ನು ಶಾಸ್ತ್ರವಾಗಿ ಕಟ್ಟಿದನು. ಭಾರತದ ಜನಸಂಖ್ಯೆಯನ್ನು ೧೪೦ ಕೋಟಿಯೆಂದು ಇಟ್ಟುಕೊಂಡರೆ, ಅಷ್ಟು ಜನರಲ್ಲಿ ಒಬ್ಬನನ್ನು ಗುರುತಿಸಲು ಇಂಥ ಎಷ್ಟು ಪ್ರಶ್ನೆಗಳು ಬೇಕು? ಎರಡನ್ನು ೩೦ ಸಲ ಗುಣಿಸಿದರೆ ಸುಮಾರು ೧೦೭ ಕೋಟಿ. ೩೧ ಸಲ ಗುಣಿಸಿದರೆ ಸುಮಾರು ೨೧೪ ಕೋಟಿ. ಆದುದರಿಂದ ೩೧ ಪ್ರಶ್ನೆಗಳು ಧಾರಾಳವಾಗಿ ಸಾಕು. ದೇಶದ ಯಾವ ಮನುಷ್ಯನೂ ೩೧ ಬಿಟ್ಟುಗಳಿಗಿಂತ ಹೆಚ್ಚು ದೂರದಲ್ಲಿಲ್ಲ!

ಈಗ ಅಂಗಡಿಯವರ ನಿರಪಾಯಕರ ವಿವರಗಳನ್ನು ತೂಗೋಣ. ೧೯೭೨ರಲ್ಲಿ ಬಂದ ಪಿನ್ ಕೋಡು ಕಾಗದ ಹಂಚುವುದಕ್ಕಾಗಿ ಮಾಡಿದ ಏರ್ಪಾಡು. ಬಿನ್ನಿಪೇಟೆಯ ೫೬೦೦೨೩ ಎಂಬ ಸಂಖ್ಯೆಯಲ್ಲಿ ಮೊದಲ ಮೂರು ಅಂಕಿಗಳು ಬೆಂಗಳೂರನ್ನು ತೋರಿಸಿದರೆ ಕೊನೆಯ ಮೂರು ಬಟವಾಡೆಯ ಅಂಚೆ ಕಚೇರಿಯನ್ನು ತೋರಿಸುತ್ತವೆ. ದೇಶದಲ್ಲಿ ಇಂಥ ಸಂಖ್ಯೆಗಳು ಸುಮಾರು ೧೯,೦೦೦ ಇವೆ. ೧೪೦ ಕೋಟಿಯನ್ನು ೧೯,೦೦೦ದಿಂದ ಭಾಗಿಸಿದರೆ ಒಂದೊಂದರ ಪಾಲಿಗೆ ಸರಾಸರಿ ೭೪,೦೦೦ ಜನ. ಗಂಡೋ ಹೆಣ್ಣೋ ಎಂಬುದು ತಿಳಿದರೆ ಉಳಿಯುವುದು ೩೭,೦೦೦. ಹುಟ್ಟಿದ ತಾರೀಖನ್ನು ನೋಡಿ: ಎಂಬತ್ತು ವರ್ಷಗಳಲ್ಲಿ ದಿನಗಳು ಸುಮಾರು ೨೯,೦೦೦. ೩೭,೦೦೦ ಜನರನ್ನು ೨೯,೦೦೦ ದಿನಗಳಿಗೆ ಹಂಚಿದರೆ ದಿನಕ್ಕೆ ಒಂದೂಕಾಲು ಮಂದಿ! ಜನ ಎಲ್ಲ ಕಡೆಯೂ ಸಮವಾಗಿ ಹರಡಿಲ್ಲ ಎಂಬ ಆಕ್ಷೇಪವನ್ನು ಒಪ್ಪುತ್ತೇವೆ. ಬೆಂಗಳೂರಿನಂಥ ಊರಿನಲ್ಲಿ ಒಬ್ಬನ ಬದಲು ಮೂವರೋ ನಾಲ್ವರೋ ಸಿಕ್ಕಾರು. ಅವರಲ್ಲಿ ನಮಗೆ ಬೇಕಾದವನನ್ನು ಆರಿಸುವುದಕ್ಕೆ ಓದಿದ ಕಾಲೇಜಿನ ಹೆಸರೊಂದು ಸಾಕು. ಹೆಸರನ್ನೇ ಕೇಳದ ಅಂಗಡಿಯವರು ಹೆಸರನ್ನು ಪಡೆದಂತೆಯೇ ಆಯಿತು.

ಇದು ಕಾಗದದ ಮೇಲಿನ ಲೆಕ್ಕ ಮಾತ್ರವಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆಯ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಡಲಾಗಿತ್ತು. ೧೯೯೭ರಲ್ಲಿ ಲಟಾನ್ಯ ಸ್ವೀನಿ ಎಂಬ ವಿದ್ಯಾರ್ಥಿನಿ ಅವುಗಳನ್ನು ಮತದಾರರ ಪಟ್ಟಿಯೊಡನೆ ಹೋಲಿಸಿ, ಆ ಸಂಸ್ಥಾನದ ಗವರ್ನರರ ದಾಖಲೆಯನ್ನೇ ಬೇರ್ಪಡಿಸಿ ತೋರಿಸಿದಳು. ಅಂಚೆ ಸಂಖ್ಯೆ, ಹುಟ್ಟಿದ ತಾರೀಖು, ಲಿಂಗ ಈ ಮೂರರಿಂದಲೇ ಅಮೆರಿಕದ ಜನರಲ್ಲಿ ಸೇಕಡಾ ೮೭ ಮಂದಿಯನ್ನು ಒಬ್ಬೊಬ್ಬರಾಗಿ ಗುರುತಿಸಬಹುದೆಂದು ೨೦೦೦ದಲ್ಲಿ ಆಕೆ ಲೆಕ್ಕ ಹಾಕಿದಳು. ೨೦೦೬ರಲ್ಲಿ ಫಿಲಿಪ್ ಗೋಲ್ ಎಂಬಾತ ಮರುಲೆಕ್ಕ ಮಾಡಿ ಸೇಕಡಾ ೬೩ ಎಂದನು. ಯಾವುದನ್ನು ಒಪ್ಪಿದರೂ ಅರ್ಧಕ್ಕಿಂತ ಹೆಚ್ಚೇ.

ಗಣಿತದ ಮಾತಾಯಿತು. ಭೌತವಿಜ್ಞಾನದ ಮಾತು ಇದಕ್ಕಿಂತ ಕಠಿನವಾದುದು. ಹಾಜರಿ ಪುಸ್ತಕದಲ್ಲಿದ್ದ ಒಂದು ಲಕ್ಷ ಹೆಸರು ವಿಳಾಸಗಳನ್ನು ಕದಿಯಬೇಕೆಂದು ಗುಮಾಸ್ತನೊಬ್ಬನು ಯೋಚಿಸಿದನೆನ್ನೋಣ. ಸಾಲಿಗೆ ೧೦ ಸೆಕೆಂಡಿನಂತೆ ಊಟ ನಿದ್ರೆಗಳಿಲ್ಲದೆ ನಕಲು ಮಾಡಿದರೂ ಅವನಿಗೆ ಹನ್ನೊಂದೂವರೆ ದಿನ ಹಿಡಿಯುತ್ತದೆ. ಪುಸ್ತಕವನ್ನೇ ಹೊತ್ತುಕೊಂಡು ಹೋದರೆ ಮರುದಿನವೇ ಸಿಕ್ಕಿಬೀಳುತ್ತಾನೆ. ಅದೇ ಪಟ್ಟಿ ಕಂಪ್ಯೂಟರಿನಲ್ಲಿದ್ದರೆ, ಸಾಲಿಗೆ ೧೦೦ ಅಕ್ಷರಗಳಂತೆ ಒಂದು ಕೋಟಿ ಬೈಟು. ಮೊಬೈಲ್ ಫೋನಿನ ಸಾಮಾನ್ಯ ವೇಗದಲ್ಲಿ ಹತ್ತು ಸೆಕೆಂಡು ಸಾಕು. ಇನ್ನೂ ಸೋಜಿಗವೆಂದರೆ, ಮೂಲ ಇದ್ದಲ್ಲಿಯೇ ಇರುತ್ತದೆ, ಕಳವಾಗಿರುವುದೇ ತಿಳಿಯುವುದಿಲ್ಲ. ಕಾಯಿದೆಯು ಕೇವಲ ಕಾಗದದಲ್ಲಿರುವ ಪುಸ್ತಕಗಳನ್ನು ಬಿಟ್ಟು ಡಿಜಿಟಲ್ ರೂಪದ ವಿವರಗಳನ್ನು ಮಾತ್ರ, ಮತ್ತು ಕಾಗದದಿಂದ ಆ ರೂಪಕ್ಕೆ ಇಳಿಸಿದವುಗಳನ್ನು, ತನ್ನ ವ್ಯಾಪ್ತಿಗೆ ತೆಗೆದುಕೊಂಡಿರುವುದು ಈ ದೃಷ್ಟಿಯಿಂದ ಅರ್ಥವಿಲ್ಲದುದಲ್ಲ.

ಒಂದು ಲೋಟ ನೀರಿಗೆ ಒಂದು ತೊಟ್ಟು ಶಾಯಿ ಬಿಟ್ಟರೆ ಅದು ಹರಡುತ್ತದೆ. ಹರಡಿದ ಶಾಯಿ ಮತ್ತೆ ತೊಟ್ಟಾಗಿ ಕೂಡಿಕೊಂಡುದನ್ನು ಕಂಡವರಿಲ್ಲ. ವಿವರಗಳ ಸೋರಿಕೆಯೂ ಇದೇ ತೆರನಾದುದು. ಹರಡಿರುವ ಸ್ಥಿತಿಗಳು ಲೆಕ್ಕವಿಲ್ಲದಷ್ಟು, ಒಂದೆಡೆ ಕೂಡಿರುವ ಸ್ಥಿತಿ ಒಂದೇ. ೨೦೨೦ರ ನವೆಂಬರಿನಲ್ಲಿ ಬೆಂಗಳೂರಿನ ಬಿಗ್‌ಬ್ಯಾಸ್ಕೆಟ್ ಎಂಬ ದಿನಸಿ ಮಾರುವ ಸಂಸ್ಥೆಯ ಸುಮಾರು ೨ ಕೋಟಿ ಗಿರಾಕಿಗಳ ವಿವರಗಳು ಅಂತರ್ಜಾಲದ ಕಳ್ಳಸಂತೆಯಲ್ಲಿ ಮಾರಾಟಕ್ಕಿವೆಯೆಂಬ ಸುದ್ದಿ ಬಂದಿತು. ಫೋನ್ ನಂಬರು, ವಿಳಾಸ, ಹುಟ್ಟಿದ ತಾರೀಖು ಎಲ್ಲ ಅದರಲ್ಲಿದ್ದವೆಂದು ವರದಿಯಾಯಿತು. ಸಂಸ್ಥೆ ಬೆಂಗಳೂರಿನ ಪೊಲೀಸರಿಗೆ ದೂರು ಕೊಟ್ಟಿತು. ೨೦೨೧ರ ಏಪ್ರಿಲ್ ವೇಳೆಗೆ ಅವೇ ವಿವರಗಳು ಬಿಟ್ಟಿಯಾಗಿ ಸಿಗತೊಡಗಿದವೆಂದು ಪತ್ರಿಕೆಗಳು ಬರೆದವು. ಫೋನ್ ನಂಬರನ್ನು ಬದಲಾಯಿಸಬಹುದು. ಹುಟ್ಟಿದ ತಾರೀಖನ್ನು ಯಾರು ಬದಲಾಯಿಸಿಯಾರು? ಅಕ್ಕಿ ಬೇಳೆ ತಂದುಕೊಡುವುದಕ್ಕೆ ಹುಟ್ಟಿದ ತಾರೀಖು ಏಕೆ ಬೇಕಿತ್ತು ಎಂಬುದೇ ನಮಗೆ ಮುಖ್ಯವಾಗಿ ತೋರುವ ಪ್ರಶ್ನೆ. ತೆಗೆದುಕೊಳ್ಳದಿದ್ದರೆ ಕಳ್ಳನಿಗೆ ಆ ಅಂಕಣ ಖಾಲಿಯಾಗಿಯೇ ಸಿಗುತ್ತಿತ್ತು.

"ಅಳಿಸಿದರಾಯಿತು" ಎನ್ನುವವರು ಅಳಿಸುವುದೆಂದರೆ ಏನೆಂದು ತಿಳಿಯಬೇಕು. ಕಂಪ್ಯೂಟರಿನಲ್ಲಿ ಒಂದು ಫೈಲನ್ನು ಅಳಿಸಿದಾಗ ಸಾಮಾನ್ಯವಾಗಿ ಆಗುವುದಿಷ್ಟೆ: ಅದು ಇದ್ದ ಜಾಗ ಇನ್ನು ಖಾಲಿಯೆಂದು ಪಟ್ಟಿಯಲ್ಲಿ ಗುರುತಾಗುತ್ತದೆ. ಅಕ್ಷರಗಳು ಅಲ್ಲಿಯೇ ಇರುತ್ತವೆ. ಬೇರೊಂದು ಅವುಗಳ ಮೇಲೆ ಬರೆಯಲ್ಪಡುವವರೆಗೆ, ಬಲ್ಲವರು ಅವನ್ನು ಎತ್ತಿಕೊಳ್ಳಬಹುದು. ಪೆನ್‌ಡ್ರೈವು, ಫೋನುಗಳಲ್ಲಿರುವ ಫ್ಲ್ಯಾಷ್ ಸ್ಮೃತಿಯಲ್ಲಂತೂ ಕೋಶಗಳು ಬೇಗ ಸವೆಯಬಾರದೆಂದು ಹೊಸ ಬರವಣಿಗೆಯನ್ನು ಬೇರೆ ಕೋಶಗಳಿಗೆ ತಿರುಗಿಸುವ ಏರ್ಪಾಡಿದೆ. ಆದುದರಿಂದ ಹಳೆಯದರ ಮೇಲೆಯೇ ಬರೆದೆವೆಂದು ನಂಬುವುದೂ ಕಷ್ಟ. ಇನ್ನು ಮೂಲದ ಮಾತು. ೧೯೬೧ರಲ್ಲಿ ರಾಲ್ಫ್ ಲಾಂಡವರ್ ಎಂಬ ವಿಜ್ಞಾನಿ ಒಂದು ಬಿಟ್ಟನ್ನು ಅಳಿಸಿದಾಗ ಇಂತಿಷ್ಟು ಶಾಖವಾದರೂ ಹೊರಬೀಳಲೇಬೇಕೆಂದು ತೋರಿಸಿದನು. ಕೊಠಡಿಯ ಉಷ್ಣತೆಯಲ್ಲಿ ಅದು ತೀರ ಅಲ್ಪ: ಒಂದು ಜೂಲನ್ನು ೧ರ ಮುಂದೆ ೨೧ ಸೊನ್ನೆಗಳಷ್ಟು ಪಾಲು ಮಾಡಿದರೆ ಅವುಗಳಲ್ಲಿ ಸುಮಾರು ಮೂರು ಪಾಲು. ಫ್ರಾನ್ಸಿನ ಲಿಯಾನ್ ನಗರದ ಪ್ರಯೋಗಕಾರರು ೨೦೧೨ರಲ್ಲಿ ಇದನ್ನು ಅಳೆದು ನೋಡಿದರು. ಖಾಲಿ ಜಾಗಕ್ಕೆ ನಕಲು ಮಾಡುವುದಕ್ಕಾದರೋ ತತ್ತ್ವತಃ ಇಂಥ ಕನಿಷ್ಠ ಸುಂಕವಿಲ್ಲ. ಅಂಗಡಿಯವರ ವಿದ್ಯುತ್ ಬಿಲ್ಲಿಗೂ ಇದಕ್ಕೂ ಸಂಬಂಧವಿಲ್ಲವೆಂಬುದು ನಿಜ. ಆದರೂ ನಿಸರ್ಗವು ನಕಲಿನ ಕಡೆಗೆ ಸಡಿಲವಾಗಿಯೂ ಅಳಿಸುವಿಕೆಯ ಕಡೆಗೆ ಬಿಗಿಯಾಗಿಯೂ ಇದೆಯೆಂಬುದು ಕಾಯಿದೆ ಬರೆಯುವವರೂ ತಿಳಿದಿರಬೇಕಾದ ಸಂಗತಿ.

ಕಾಯಿದೆ ಬರೆದವರು ಇದನ್ನು ಪೂರ್ತಿಯಾಗಿ ತಿಳಿದಂತೆ ನಮಗೆ ಕಾಣುವುದಿಲ್ಲ. ಕಾರಣ ತೀರಿದ ಮೇಲೆ ಅಳಿಸಬೇಕೆಂದು ಕಾಯಿದೆ ಹೇಳಿದರೆ, ೨೦೨೫ರ ನಿಯಮಗಳಲ್ಲಿ ಒಂದು, ಬಳಸಿದ ವಿವರಗಳನ್ನೂ ಬಳಕೆಯ ದಾಖಲೆಗಳನ್ನೂ ಕಡೆಯಪಕ್ಷ ಒಂದು ವರ್ಷ ಇಟ್ಟುಕೊಂಡಿರಬೇಕೆಂದು ಹೇಳುತ್ತದೆ. ಸರ್ಕಾರಕ್ಕೆ ಬೇಕಾದಾಗ ಸಿಗಲೆಂದು. ಒಂದು ಕೈಯಲ್ಲಿ ಅಳಿಸು ಎಂದು, ಇನ್ನೊಂದು ಕೈಯಲ್ಲಿ ಇಡು ಎಂದು! ದೇಶದ ಭದ್ರತೆಯ ಹೆಸರಿನಲ್ಲಿ ಸರ್ಕಾರದ ಅಂಗಗಳಿಗೆ ಕಾಯಿದೆಯಿಂದಲೇ ವಿನಾಯಿತಿ ಕೊಡುವ ಅಧಿಕಾರವೂ ಇದೆ. ಮಾಹಿತಿ ಹಕ್ಕಿನ ಕಾಯಿದೆಯ ಒಂದು ಉಪಬಂಧವನ್ನು ಇದೇ ಕಾಯಿದೆಯ ಮೂಲಕ ಬಿಗಿಮಾಡಿರುವುದನ್ನು ಹಲವರು ಆಕ್ಷೇಪಿಸಿದ್ದಾರೆ. ಆ ಆಕ್ಷೇಪ ಸರಿಯೆಂದೇ ನಮ್ಮ ಮತ. ಪ್ರಜೆಯ ವಿವರವನ್ನು ಅಂಗಡಿಯಿಂದ ಕಾಯಬೇಕಾದಂತೆ ಕಚೇರಿಯಿಂದಲೂ ಕಾಯಬೇಕು. ಅದು ಇನ್ನೊಂದು ಲೇಖನದ ವಿಷಯ. ಇಲ್ಲಿ ವ್ಯಾಪಾರಸ್ಥರು ಗಮನಿಸಬೇಕಾದುದು ಇದನ್ನು: ತೆಗೆದುಕೊಂಡ ವಿವರವನ್ನು ಅಳಿಸುವುದು ಯಂತ್ರದಲ್ಲಿಯೂ ಕಷ್ಟ, ನಿಯಮದಲ್ಲಿಯೂ ತೊಡಕು. ತೆಗೆದುಕೊಳ್ಳದ ವಿವರಕ್ಕೆ ಭದ್ರತೆ ಬೇಡ, ಒಪ್ಪಿಗೆ ಬೇಡ, ಒಂದು ವರ್ಷದ ಕಾವಲು ಬೇಡ, ೭೨ ಗಂಟೆಗಳ ಓಟವೂ ಬೇಡ.

ಬಿನ್ನಿಪೇಟೆಯಲ್ಲಿ ಅತ್ಯಂತ ಗುಟ್ಟಿನ ವಿವರಗಳು ಯಾರ ಬಳಿ ಇವೆಯೆಂದು ಕೇಳಿದರೆ ನಾವು ಬ್ಯಾಂಕಿನ ಕಡೆಗೆ ಕೈ ತೋರಿಸುವುದಿಲ್ಲ, ಜೆರಾಕ್ಸ್ ಅಂಗಡಿಯ ಕಡೆಗೆ ತೋರಿಸುತ್ತೇವೆ. ಆಧಾರ್ ಕಾರ್ಡು, ಪಾನ್ ಕಾರ್ಡು, ಅಂಕಪಟ್ಟಿ, ಬಾಡಿಗೆ ಕರಾರು, ವೈದ್ಯರ ವರದಿ, ಇವೆಲ್ಲವನ್ನೂ ಜನ ಅಂಗಡಿಯ ವಾಟ್ಸ್‌ಆ್ಯಪ್ ನಂಬರಿಗೆ ಕಳುಹಿಸಿ ಮುದ್ರಿಸಿಕೊಳ್ಳುತ್ತಾರೆ. ಹತ್ತು ರೂಪಾಯಿ ಕೊಟ್ಟು ಕಾಗದ ಹಿಡಿದು ಹೊರಡುತ್ತಾರೆ. ಚಿತ್ರ ಅಂಗಡಿಯ ಕಂಪ್ಯೂಟರಿನಲ್ಲಿ, ಸಾವಿರಾರು ಚಿತ್ರಗಳ ನಡುವೆ, ಉಳಿಯುತ್ತದೆ. ಅಂಗಡಿಯಾತ ಪ್ರಾಮಾಣಿಕನೇ ಇರಬಹುದು. ಬಹುಮಟ್ಟಿಗೆ ಹಾಗೆಯೇ ಇರುತ್ತಾನೆ. ಅವನ ಕಂಪ್ಯೂಟರನ್ನು ರಿಪೇರಿಗೆ ಒಯ್ದವನು, ಸಂಜೆ ಕೂರುವ ಹುಡುಗ, ಹಳೆಯದಾದ ಮೇಲೆ ಅದನ್ನು ಕೊಂಡವನು ಇವರೆಲ್ಲರ ಪ್ರಾಮಾಣಿಕತೆಗೆ ಅವನು ಹೊಣೆಯಾಗಬಲ್ಲನೇ? ೨೦೨೨ರ ಮೇ ತಿಂಗಳಿನಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು ಸಾರ್ವಜನಿಕರಿಗೆ ಒಂದು ಸೂಚನೆ ಕೊಟ್ಟಿತು: ಆಧಾರಿನ ನಕಲನ್ನು ಎಲ್ಲರಿಗೂ ಕೊಡಬೇಡಿರಿ, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ, ಉಳಿದವನ್ನು ಮರೆಮಾಡಿದ ಪ್ರತಿಯನ್ನು ಕೊಡಿರಿ, ಸಾರ್ವಜನಿಕ ಕಂಪ್ಯೂಟರುಗಳಲ್ಲಿ ಇಳಿಸಿಕೊಂಡರೆ ಪ್ರತಿಗಳನ್ನು ಅಳಿಸಿರಿ. ಜನ ತಪ್ಪು ತಿಳಿದಾರೆಂಬ ಕಾರಣ ಹೇಳಿ ಎರಡೇ ದಿನಗಳಲ್ಲಿ ದೆಹಲಿಯಿಂದ ಅದನ್ನು ಹಿಂದಕ್ಕೆ ಪಡೆದರು. ಸೂಚನೆ ಹೋಯಿತು, ಅದರಲ್ಲಿದ್ದ ವಿವೇಕ ಹೋಗಬೇಕಾಗಿಲ್ಲ. ಅಂಕಿ ಮರೆಮಾಡಿದ ಪ್ರತಿ ಈಗಲೂ ಎಲ್ಲರಿಗೂ ದೊರೆಯುತ್ತದೆ. ಜೆರಾಕ್ಸ್ ಅಂಗಡಿಯಾತ ಇಂದೇ ಮಾಡಬಹುದಾದ ಸಿದ್ಧತೆಯೆಂದರೆ, ಗಿರಾಕಿಯು ತನ್ನ ಫೋನಿನಿಂದ ನೇರವಾಗಿ ಮುದ್ರಣಯಂತ್ರಕ್ಕೆ ಕಳುಹಿಸುವಂತೆ ಏರ್ಪಡಿಸಿ, ತನ್ನ ವಾಟ್ಸ್‌ಆ್ಯಪ್ ನಂಬರಿನ ಹಲಗೆಯನ್ನು ಗೋಡೆಯಿಂದ ಇಳಿಸುವುದು.

ಮೆಡಿಕಲ್ ಅಂಗಡಿಯ ವಿಷಯ ಸ್ವಲ್ಪ ಬೇರೆ. ಕೆಲವು ಔಷಧಗಳಿಗೆ ಪುಸ್ತಕ ಇಡಲೇಬೇಕು. ಎಚ್-೧ ಎಂಬ ಅನುಸೂಚಿಯಲ್ಲಿರುವ ಔಷಧಗಳನ್ನು ಮಾರಿದಾಗ ಬರೆದುಕೊಟ್ಟ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು ಮತ್ತು ಪ್ರಮಾಣಗಳನ್ನು ಬರೆದು ಮೂರು ವರ್ಷ ಇಡಬೇಕೆಂದು ನಿಯಮವಿದೆ. ಅದಕ್ಕೆ ಯಾರೂ ಆಕ್ಷೇಪಿಸರು. ಆದರೆ ಆ ನಿಯಮ ರೋಗಿಯ ಫೋನ್ ನಂಬರನ್ನು ಕೇಳುವುದಿಲ್ಲ. ತಲೆನೋವಿನ ಮಾತ್ರೆಗೆ ಪುಸ್ತಕವೇ ಬೇಕಿಲ್ಲ. ಗಿರಾಕಿ ತಾನಾಗಿ "ರಸೀತಿಯನ್ನು ಫೋನಿಗೆ ಕಳುಹಿಸಿ" ಎಂದು ನಂಬರು ಕೊಟ್ಟರೆ ಆ ರಸೀತಿಯ ಮಟ್ಟಿಗೆ ಬಳಸಬಹುದೆಂದು ಕಾಯಿದೆ ಔಷಧದಂಗಡಿಯ ದೃಷ್ಟಾಂತವನ್ನೇ ಕೊಟ್ಟು ಹೇಳಿದೆ. ಅದೇ ನಂಬರಿಗೆ ಮುಂದಿನ ವಾರ ಬಲವರ್ಧಕ ಪುಡಿಯ ಜಾಹೀರಾತು ಕಳುಹಿಸುವುದು ಅದರಲ್ಲಿ ಸೇರಿಲ್ಲ. ನಂಬರು ಕೊಡಲೇಬೇಕೆಂದು ಗಿರಾಕಿಗಳನ್ನು ಒತ್ತಾಯಿಸಬಾರದೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ೨೦೨೩ರಲ್ಲಿಯೇ ಅಂಗಡಿಗಳಿಗೆ ಸಲಹೆ ಕೊಟ್ಟಿತ್ತು. ಬಿಲ್ಲಿನ ಯಂತ್ರ ನಂಬರಿಲ್ಲದೆ ಮುಂದಕ್ಕೆ ಹೋಗುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಯಂತ್ರವನ್ನು ಹಾಗೆ ಮಾಡಿಸಿದವರು ಹೀಗೂ ಮಾಡಿಸಬಹುದಲ್ಲವೇ? ಕೌಂಟರಿನ ಮೇಲೆ ಹಾಕುವ ತಿಳಿವಳಿಕೆ ಪತ್ರಕ್ಕೆ ವಕೀಲರ ಭಾಷೆ ಬೇಡ. "ನಂಬರು ಬೇಕಾಗಿರುವುದು ರಸೀತಿ ಕಳುಹಿಸಲು ಮಾತ್ರ. ಬೇರೆ ಯಾರಿಗೂ ಕೊಡುವುದಿಲ್ಲ. ಕೊಡದಿದ್ದರೂ ಸಾಮಾನು ಸಿಗುತ್ತದೆ. ದೂರಿದ್ದರೆ ಮಾಲೀಕರಿಗೆ ಹೇಳಿ." ಇದರ ಕೆಳಗೆ ಮಾಲೀಕರ ಹೆಸರು ಮತ್ತು ಅವರನ್ನು ಕಾಣುವ ಬಗೆಯನ್ನು ಬರೆದರೆ ಚಿಕ್ಕ ಅಂಗಡಿಗೆ ಅದೇ ಒಳ್ಳೆಯ ಆರಂಭ.

ನಮ್ಮ ಓದುಗರಾದ ವಿದ್ಯಾರ್ಥಿಗಳಿಗೆ ಇದರಲ್ಲಿ ನೇರವಾದ ಸಂಬಂಧವುಂಟು. ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿಯುತ್ತಿದ್ದಂತೆ ಕೋಚಿಂಗ್ ಸಂಸ್ಥೆಗಳಿಂದ ಮನೆಗೆ ಕರೆಗಳು ಬರತೊಡಗುತ್ತವೆ. ಕರೆದವರಿಗೆ ಹುಡುಗಿಯ ಹೆಸರು ಗೊತ್ತು, ಶಾಲೆ ಗೊತ್ತು, ತಂದೆಯ ಹೆಸರೂ ಗೊತ್ತು. ನಮ್ಮ ತರಗತಿಯಲ್ಲಿ ಈ ಮಾತೆತ್ತಿದಾಗ ತಮಗೂ ಹೀಗಾಯಿತೆಂದು ಕೈ ಎತ್ತದವರು ಅಪರೂಪ. ಆ ಪಟ್ಟಿ ಆಕಾಶದಿಂದ ಇಳಿದುದಲ್ಲ. ಎಲ್ಲಿಯೋ ಒಂದು ಅರ್ಜಿಯಲ್ಲಿ ತುಂಬಿದುದು ಕೈಯಿಂದ ಕೈಗೆ ಬಂದಿದೆ. ಹೊಸ ಕಾಯಿದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲರೂ ಮಕ್ಕಳೇ. ಅವರ ವಿವರ ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕು; ಆ ಒಪ್ಪಿಗೆ ನಿಜವಾಗಿ ಅವರದೇ ಎಂದು ಪರಿಶೀಲಿಸಿಕೊಳ್ಳಬೇಕು. ಮಕ್ಕಳ ಚಲನವಲನಗಳನ್ನು ಹಿಂಬಾಲಿಸಿ ಅವರಿಗೆಂದೇ ಜಾಹೀರಾತು ಗುರಿಯಿಡುವುದನ್ನು ನಿಷೇಧಿಸಿದೆ. ಈ ಭಾಗವನ್ನು ಮೀರಿದವರಿಗೆ ದಂಡದ ಮಿತಿ ೨೦೦ ಕೋಟಿ. ಶಾಲೆ ಕಾಲೇಜುಗಳಿಗೆ ಪಾಠದ ಮತ್ತು ಮಕ್ಕಳ ಸುರಕ್ಷತೆಯ ಮಟ್ಟಿಗೆ ಕೆಲವು ವಿನಾಯಿತಿಗಳಿವೆ. ಪಟ್ಟಿಯನ್ನು ಮಾರುವುದು ಪಾಠದಲ್ಲಿಯೂ ಸೇರದು, ಸುರಕ್ಷತೆಯಲ್ಲಿಯೂ ಸೇರದು.

ಹದಿನೇಳು ವರ್ಷದ ಪಿ.ಯು. ವಿದ್ಯಾರ್ಥಿಯನ್ನು ಐದು ವರ್ಷದ ಮಗುವಿನೊಡನೆ ಒಂದೇ ತಕ್ಕಡಿಯಲ್ಲಿ ಇಟ್ಟಿರುವುದು ಸರಿಯೇ ಎಂದು ನೀವು ಕೇಳಿದರೆ, ಅಷ್ಟು ಸರಿಯಲ್ಲವೆಂದೇ ನಾವು ಹೇಳುತ್ತೇವೆ. ಗ್ರಂಥಾಲಯದ ಆ್ಯಪಿಗೂ ಅಪ್ಪನ ಒಪ್ಪಿಗೆ ಬೇಕೆಂದಾದರೆ ಓದುವ ಹುಡುಗಿಗೆ ತೊಂದರೆಯಾದೀತು. ಜೊತೆಗೆ ಇನ್ನೊಂದು ಅಪಾಯವಿದೆ. ವಯಸ್ಸನ್ನು ಪರಿಶೀಲಿಸುವ ನೆಪದಲ್ಲಿ ಎಲ್ಲರ ಗುರುತಿನ ಚೀಟಿಗಳನ್ನು ಕೇಳತೊಡಗಿದರೆ, ವಿವರ ಕಡಮೆ ಮಾಡಬೇಕಾದ ಕಾಯಿದೆಯೇ ವಿವರವನ್ನು ಹೆಚ್ಚಿಸಿದಂತಾಗುತ್ತದೆ. ಇಲ್ಲಿಯೂ ಕೇಳಬೇಕಾದ ಪ್ರಶ್ನೆ ಒಂದೇ ಬಿಟ್ಟಿನದು: ಹದಿನೆಂಟು ತುಂಬಿದೆಯೋ ಇಲ್ಲವೋ. ಅದಕ್ಕೆ ಹುಟ್ಟಿದ ತಾರೀಖಿನ ಹದಿನೈದು ಬಿಟ್ಟುಗಳನ್ನು ಒಪ್ಪಿಸಬೇಕಾಗಿಲ್ಲ.

೨೦೨೭ರ ಮೇ ತಿಂಗಳೆಂದರೆ ನಮ್ಮ ಪಿ.ಯು. ಕಾಲೇಜುಗಳಲ್ಲಿ ಪ್ರವೇಶದ ಅರ್ಜಿಗಳು ಬಿಕರಿಯಾಗುವ ಕಾಲ. ಕಾಲೇಜುಗಳೂ ಟ್ಯೂಷನ್ ಮನೆಗಳೂ ಆ ಅರ್ಜಿಗಳನ್ನು ಹೇಗಿದ್ದರೂ ಹೊಸದಾಗಿ ಅಚ್ಚು ಹಾಕಿಸುತ್ತವೆ. ಹಳೆಯ ಅರ್ಜಿಯೊಂದನ್ನು ಮುಂದಿಟ್ಟುಕೊಂಡು ಪ್ರತಿಯೊಂದು ಅಂಕಣದ ಎದುರಿಗೂ ಇದನ್ನು ಯಾವ ಕೆಲಸಕ್ಕೆ, ಯಾವ ನಿಯಮದಂತೆ ಕೇಳುತ್ತಿದ್ದೇವೆ ಎಂದು ಪೆನ್ಸಿಲಿನಲ್ಲಿ ಬರೆಯುವ ಕೆಲಸವನ್ನು ಪ್ರಾಂಶುಪಾಲರು ಒಬ್ಬ ಗುಮಾಸ್ತರಿಗೂ ಇಬ್ಬರು ವಿದ್ಯಾರ್ಥಿಗಳಿಗೂ ಒಪ್ಪಿಸಬಹುದು. ಮೀಸಲಾತಿಗೆ ಜಾತಿ ಬೇಕು, ವಿದ್ಯಾರ್ಥಿವೇತನಕ್ಕೆ ವರಮಾನ ಬೇಕು. ಅವುಗಳನ್ನು ಬಯಸದ ವಿದ್ಯಾರ್ಥಿಯಿಂದ ಎರಡನ್ನೂ ಏಕೆ ಕೇಳಬೇಕು? ತಾಯಿಯ ಉದ್ಯೋಗ, ಅಣ್ಣ ಅಕ್ಕಂದಿರ ಓದು, ಮನೆ ಸ್ವಂತದ್ದೋ ಬಾಡಿಗೆಯದೋ ಎಂಬ ಅಂಕಣಗಳ ಎದುರಿಗೆ ಪೆನ್ಸಿಲಿಗೆ ಕೆಲಸ ಸಿಗಲಾರದೆಂದು ನಮ್ಮ ಊಹೆ. ಅಚ್ಚುಕೂಟಕ್ಕೆ ಕಳುಹಿಸುವ ಮೊದಲು ಅವನ್ನು ಹೊಡೆದುಹಾಕಿದರೆ ಅರ್ಜಿ ಎರಡು ಪುಟಗಳಿಂದ ಒಂದು ಪುಟಕ್ಕೆ ಇಳಿದೀತು.